ಸ್ತೋತ್ರಕ್ಕೆ ಮೊದಲು ಕಿವಿ ಕೊಡೋಣ

1 ಥೆಸಲೋನಿಕ 5ನೇ ಅಧ್ಯಾಯ ತೆಗೆಯಿರಿ. ಕೃತಜ್ಞತೆಯ 18ನೇ ವಚನ ನಮಗೆಲ್ಲ ಬಾಯಿಪಾಠ. ಆದರೆ ಅದಕ್ಕೂ ಮೊದಲು, 14ರಲ್ಲಿ, ಪೌಲನು ಎದೆಗುಂದಿದವರಿಗೆ ಆಸರೆಯಾಗಲು ಹೇಳ್ತಾನೆ. ಈ ಕ್ರಮ ನನಗೆ ಮುಖ್ಯ ಅನ್ನಿಸುತ್ತೆ.

ವಿಯೆಟ್ನಾಂ ಯುದ್ಧ ಮುಗಿಸಿ ಅಮೆರಿಕಕ್ಕೆ ಮರಳಿದ ಎಷ್ಟೋ ಸೈನಿಕರಿಗೆ ರಾತ್ರಿ ನಿದ್ದೆ ಇರಲಿಲ್ಲ. "ಜೀವಂತ ಬಂದೆಯಲ್ಲ, ಸ್ತೋತ್ರ ಹೇಳು" ಅಂದ್ರೆ ಅಂಥವರ ಬಾಯಿ ಮುಚ್ಚುತ್ತೆ, ಗಾಯ ವಾಸಿಯಾಗಲ್ಲ. 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಕೆಲವರು ಒಟ್ಟಿಗೆ ಕೂತು ಮಾತಾಡಲು ಶುರುಮಾಡಿದರು. ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಜೊತೆಗಿದ್ದರು. ಆದರೆ ಸೈನಿಕನ ಮಾತಿಗೆ ಸೈನಿಕನೇ ಕಿವಿ. ಪಿಟಿಎಸ್‌ಡಿ ಎಂಬ ಹೆಸರು ಅಲ್ಲಿನ ವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಕಾಯಿಲೆಗೆ ಹೆಸರಿಡುವ ಮೊದಲೇ ಗೆಳೆಯರ ಆಸರೆ ಸಿಕ್ಕಿತ್ತು.

2006ರಲ್ಲಿ ಟಾಡ್ ಕಶ್ಡನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಪಿಟಿಎಸ್‌ಡಿ ಇದ್ದ ವಿಯೆಟ್ನಾಂ ಯೋಧರಲ್ಲಿ ಕೃತಜ್ಞತಾಭಾವ ಕಡಿಮೆ ಇತ್ತು. ಆದರೂ ಅದು ಹೆಚ್ಚು ಮೂಡಿದ ದಿನ ಅವರ ಮನಸ್ಸು ಹಗುರವಾಗಿತ್ತು. ಹಾಗಾಗಿ ಸ್ತೋತ್ರ ಹೇಳಲಾಗದವರನ್ನು ಅವಿಶ್ವಾಸಿ ಅನ್ನಬೇಡಿ. ಒಳಗೆ ಗಾಯ ಇರಬಹುದು. ಕೃತಜ್ಞತೆ ಔಷಧಿಗೆ ಬದಲಿಯೂ ಅಲ್ಲ.

ನಿಮ್ಮ ಸೆಲ್ ಗ್ರೂಪಿನಲ್ಲಿ ಯಾರಾದ್ರೂ ಕುಗ್ಗಿದ್ರೆ, ವಚನ ಫಾರ್ವರ್ಡ್ ಮಾಡೋ ಮೊದಲು ಪಕ್ಕದಲ್ಲಿ ಅರ್ಧ ಗಂಟೆ ಕೂತು ಕೇಳಿ. ಬದುಕೇ ಬೇಡ ಅಂದ್ರೆ ವೈದ್ಯರ ಹತ್ತಿರ ಕರ್ಕೊಂಡು ಹೋಗಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಸ್ತೋತ್ರ ಅವರ ಬಾಯಿಂದಲೇ, ಅವರ ಹೊತ್ತಿಗೆ ಬರಲಿ. ಆಮೆನ್.