ಅಣುಶಿಲ್ಪಿ ವುಡ್‌ವರ್ಡ್ ಮತ್ತು ಅವರ ಸಹಕಾರಿಗಳು

ಗಿಡಮರಗಳ ಎಲೆ, ಬೇರು, ತೊಗಟೆಗಳಲ್ಲಿಯೂ ಪ್ರಾಣಿಗಳ ಶರೀರದಲ್ಲಿಯೂ ದೊರೆಯುವ ಬಹುಪಾಲು ವಸ್ತುಗಳಿಗೆ ಇಂಗಾಲವೇ ಆಧಾರ. ಇಂಗಾಲದ ಸಂಯುಕ್ತಗಳನ್ನು ಕುರಿತು ವಿಚಾರ ಮಾಡುವ ಶಾಸ್ತ್ರಕ್ಕೆ ಸಾವಯವ ರಸಾಯನಶಾಸ್ತ್ರವೆಂದು ಹೆಸರು. ನಿಸರ್ಗವು ನಿರ್ಮಿಸಿದ ಇಂತಹ ವಸ್ತುವೊಂದನ್ನು ಸರಳ ದ್ರವ್ಯಗಳಿಂದ ಮೊದಲ್ಗೊಂಡು ಹಂತಹಂತವಾಗಿ ಪ್ರಯೋಗಶಾಲೆಯಲ್ಲಿ ಕಟ್ಟುವುದೇ ಸಂಶ್ಲೇಷಣೆ. ಈ ವಿದ್ಯೆಯಲ್ಲಿ ಇಪ್ಪತ್ತನೆಯ ಶತಮಾನದ ಅಗ್ರಗಣ್ಯರೆನಿಸಿದವರು ಅಮೆರಿಕದ ರಾಬರ್ಟ್ ಬರ್ನ್ಸ್ ವುಡ್‌ವರ್ಡರು.

ಇವರು 1917ರಲ್ಲಿ ಬಾಸ್ಟನ್ ನಗರದಲ್ಲಿ ಜನಿಸಿದರು. ಇಪ್ಪತ್ತನೆಯ ವಯಸ್ಸಿಗೇ ಡಾಕ್ಟರೇಟ್ ಪದವಿಯನ್ನು ಗಳಿಸಿ, ಜೀವಮಾನದ ಬಹುಭಾಗವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಳೆದರು. 1944ರಲ್ಲಿ ವಿಲಿಯಂ ಡೋರಿಂಗರೊಡಗೂಡಿ, ಮಲೇರಿಯಾ ಜ್ವರಕ್ಕೆ ಮದ್ದಾದ ಕ್ವಿನೈನಿನ ಸಂಶ್ಲೇಷಣೆಗೆ ಮಾರ್ಗ ತೋರಿದರು. ಕಾಸರಕದ ಬೀಜದಲ್ಲಿರುವ ವಿಷವಾದ ಸ್ಟ್ರಿಕ್ನಿನ್ 1954ರಲ್ಲಿ, ನಮ್ಮ ನಾಡಿನ ಸರ್ಪಗಂಧದ ಬೇರಿನಲ್ಲಿ ದೊರೆಯುವ ರಿಸರ್ಪಿನ್ 1956ರಲ್ಲಿ, ಎಲೆಗಳಿಗೆ ಹಸಿರು ಬಣ್ಣವನ್ನೀಯುವ ಕ್ಲೋರೊಫಿಲ್ 1960ರಲ್ಲಿ ಅವರ ಪ್ರಯೋಗಶಾಲೆಯಲ್ಲಿ ಸಿದ್ಧವಾದವು. 1965ರಲ್ಲಿ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು.

ಆದರೆ ಅವರ ಕಾರ್ಯಗಳಲ್ಲೆಲ್ಲ ಹಿರಿದಾದುದು ಬಿ12 ಜೀವಸತ್ವದ ಸಂಶ್ಲೇಷಣೆ. ಮಾರಕವಾದ ಒಂದು ಬಗೆಯ ರಕ್ತಹೀನತೆಗೆ ಪ್ರಾಣಿಗಳ ಯಕೃತ್ತಿನ ಆಹಾರವು ಗುಣಕಾರಿಯೆಂದು 1926ರಲ್ಲಿ ತಿಳಿದುಬಂದಿತ್ತು. ಆ ಗುಣಕ್ಕೆ ಕಾರಣವಾದ ಬಿ12 ಜೀವಸತ್ವವು 1948ರಲ್ಲಿ ಕೆಂಪು ಹರಳುಗಳಾಗಿ ಕೈಸೇರಿತು. ಎಕ್ಸ್-ಕಿರಣಗಳ ಸಹಾಯದಿಂದ ಅದರ ರಚನೆಯನ್ನು ಬಿಡಿಸಿ ತೋರಿಸಿದವರು ಇಂಗ್ಲೆಂಡಿನ ವಿದುಷಿ ಡೊರೊತಿ ಹಾಡ್ಕಿನ್. ನಡುವೆ ಒಂದು ಕೋಬಾಲ್ಟ್ ಪರಮಾಣು, ಅದರ ಸುತ್ತ ನಾಲ್ಕು ಉಂಗುರಗಳು, ಒಟ್ಟು 181 ಪರಮಾಣುಗಳು. ಇವುಗಳಲ್ಲಿ ಒಂದು ಗುಂಪು ತಪ್ಪು ದಿಕ್ಕಿಗೆ ತಿರುಗಿದರೂ ದೊರೆಯುವುದು ಬೇರೊಂದು ವಸ್ತುವೇ ಹೊರತು ಬಿ12 ಅಲ್ಲ.

ವುಡ್‌ವರ್ಡರು ಈ ಸಾಹಸಕ್ಕೆ ಕೈಯಿಕ್ಕಿದ ಕಾಲದಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಆಲ್ಬರ್ಟ್ ಎಷೆನ್‌ಮೋಸರರೂ ಇದೇ ಕಾರ್ಯದಲ್ಲಿ ತೊಡಗಿದ್ದರು. ಮೊದಲು ಯಾರು ಮುಗಿಸುವರೆಂಬ ಸ್ಪರ್ಧೆಗೆ ಇಲ್ಲಿ ಅವಕಾಶವಿದ್ದಿತು. ಅವರಾದರೋ ಅಣುವನ್ನೇ ಹಂಚಿಕೊಂಡರು! ಎಡಭಾಗದ ಎರಡು ಉಂಗುರಗಳು ಹಾರ್ವರ್ಡಿಗೆ, ಬಲಭಾಗದ ಎರಡು ಜ್ಯೂರಿಕ್ಕಿಗೆ. ಹಲವು ದೇಶಗಳ ಸುಮಾರು ನೂರು ಮಂದಿ ಸಂಶೋಧಕರು ಹತ್ತಕ್ಕೂ ಹೆಚ್ಚು ವರ್ಷ ದುಡಿದರು. 1972ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವುಡ್‌ವರ್ಡರು ಈ ಸಂಶ್ಲೇಷಣೆಯನ್ನು ಕುರಿತು ಉಪನ್ಯಾಸವಿತ್ತರು.

ಇಷ್ಟೊಂದು ಶ್ರಮದಿಂದ ಬಂದ ಫಲವೇನು? ಔಷಧಕ್ಕಾಗಿ ಬೇಕಾಗುವ ಬಿ12 ಅನ್ನು ಸೂಕ್ಷ್ಮಜೀವಿಗಳಿಂದಲೇ ಪಡೆಯುತ್ತಾರೆ; ಅದಕ್ಕೆ ಈ ದೀರ್ಘ ಮಾರ್ಗವು ಬೇಕಿಲ್ಲ. ನಿಜವಾದ ಫಲ ಬೇರೊಂದು ಕಡೆಯಲ್ಲಿ ದೊರೆಯಿತು. ಕೆಲಸದ ನಡುವೆ ಒಂದು ಉಂಗುರವು ಎಣಿಸಿದುದಕ್ಕೆ ವಿರುದ್ಧವಾದ ರೀತಿಯಲ್ಲಿ ಮುಚ್ಚಿಕೊಂಡಿತು. ವುಡ್‌ವರ್ಡರು ಇದನ್ನು ಕೇವಲ ಅಡ್ಡಿಯೆಂದು ಬಗೆಯದೆ, ತಮಗಿಂತ ಇಪ್ಪತ್ತು ವರ್ಷ ಕಿರಿಯರಾದ ರೋಆಲ್ಡ್ ಹಾಫ್‌ಮನ್ನರೊಡನೆ ಕುಳಿತು ಕಾರಣವನ್ನು ಹುಡುಕಿದರು. ಒಂದು ಬಿಟ್ಟೊಂದು ಜೋಡಿಬಂಧಗಳಿರುವ ನಾಲ್ಕು ಇಂಗಾಲಗಳ ಸರಪಣಿಯು ಉಂಗುರವಾಗುವಾಗ, ಕಾವು ಕೊಟ್ಟರೆ ಅದರ ಎರಡು ತುದಿಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ. ಬೆಳಕನ್ನು ಬೀರಿದರೆ ವಿರುದ್ಧ ದಿಕ್ಕುಗಳಿಗೆ ತಿರುಗುತ್ತವೆ. ಸರಪಣಿಯಲ್ಲಿ ಆರು ಇಂಗಾಲಗಳಿದ್ದರೆ ಇದು ತಿರುವುಮುರುವು. ಎಲೆಕ್ಟ್ರಾನುಗಳ ವಿನ್ಯಾಸವೇ ಇದಕ್ಕೆ ಕಾರಣವೆಂದು 1965ರಲ್ಲಿ ಅವರಿಬ್ಬರೂ ಪ್ರಕಟಿಸಿದರು. ಇಂದು ವುಡ್‌ವರ್ಡ್-ಹಾಫ್‌ಮನ್ ನಿಯಮಗಳೆಂದು ಪ್ರಸಿದ್ಧವಾದ ಇವುಗಳಿಂದ, ಪ್ರಯೋಗಕ್ಕೆ ಮೊದಲೇ ಅದರ ಪರಿಣಾಮವನ್ನು ಊಹಿಸುವುದು ಸಾಧ್ಯವಾಯಿತು.

ವುಡ್‌ವರ್ಡರು 1979ರಲ್ಲಿ ನಿಧನ ಹೊಂದಿದರು. 1981ರಲ್ಲಿ ಹಾಫ್‌ಮನ್ನರಿಗೂ, ಇಂತಹುದೇ ಸಿದ್ಧಾಂತವನ್ನು ಸ್ವತಂತ್ರವಾಗಿ ರೂಪಿಸಿದ್ದ ಜಪಾನಿನ ಕೆನಿಚಿ ಫುಕುಯಿ ಅವರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಮೃತರಿಗೆ ಅದನ್ನು ಕೊಡುವ ಪದ್ಧತಿಯಿಲ್ಲ. ಆದರೂ ಆ ನಿಯಮಗಳಲ್ಲಿ ಗುರುವಿನಂತಿದ್ದ ಹಿರಿಯನ ಹೆಸರೂ ಕಿರಿಯನ ಹೆಸರೂ ಜೊತೆಯಾಗಿಯೇ ಉಳಿದಿವೆ.

ಪ್ರಯೋಗಶಾಲೆಯಲ್ಲಿ ನಿಮ್ಮ ಪ್ರಯೋಗವೊಂದು ಪುಸ್ತಕದಲ್ಲಿ ಹೇಳಿದಂತೆ ನಡೆಯದಿದ್ದಲ್ಲಿ, ಪಾತ್ರೆಯನ್ನು ತೊಳೆದಿಡುವ ಮೊದಲು ಏಕೆಂದು ಯೋಚಿಸಿರಿ. ಪಕ್ಕದಲ್ಲಿರುವ ಸಹಪಾಠಿಯನ್ನೂ ಕೇಳಿರಿ.