'ಐ ಆಮ್ ಲೆಜೆಂಡ್': ಒಂದು ರಕ್ತಪಿಶಾಚಿ ಕಾದಂಬರಿಯ ಅಧ್ಯಯನ

ರಕ್ತಪಿಶಾಚಿಯ ಕಥೆಗಳೆಂದರೆ ಹೊತ್ತು ಕಳೆಯುವುದಕ್ಕಾಗಿ ಓದಿ ಮರೆಯತಕ್ಕ ಅಗ್ಗದ ಸಾಹಿತ್ಯವೆಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಉಂಟು. ನನಗೂ ಇತ್ತು. ರಿಚರ್ಡ್ ಮ್ಯಾಥೆಸನ್ನನ 'ಐ ಆಮ್ ಲೆಜೆಂಡ್' ಎಂಬ ಚಿಕ್ಕ ಕಾದಂಬರಿಯನ್ನು ಓದಿದ ಮೇಲೆ ಆ ಭಾವನೆ ಉಳಿಯಲಿಲ್ಲ. ಅದು ಹೆದರಿಸುತ್ತದೆ, ರಂಜಿಸುತ್ತದೆ, ನಿಜ. ಅದಕ್ಕಿಂತ ಹೆಚ್ಚಾಗಿ, ವಿದ್ಯೆಯೆಂಬುದು ಎಲ್ಲಿಯವರೆಗೆ ಕಣ್ಣು ತೆರೆಸುತ್ತದೆ, ಎಲ್ಲಿ ಸೋಲುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಅದನ್ನು ಸಹಪಾಠಿಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಹಿನ್ನೆಲೆ. ಸತ್ತವನು ರಾತ್ರಿ ಎದ್ದು ಬಂದು ಬದುಕಿರುವವರ ರಕ್ತವನ್ನು ಹೀರುತ್ತಾನೆಂಬುದು ಯೂರೋಪಿನ ಹಳ್ಳಿಗಳ ಹಳೆಯ ನಂಬಿಕೆ. 1870ರಲ್ಲಿ ರಿಚರ್ಡ್ ಬರ್ಟನ್ ನಮ್ಮ ಬೇತಾಳನ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು 'ವ್ಯಾಂಪೈರ್' ಎಂದೇ ಕರೆದ. ಆದರೆ ವಿಕ್ರಮನ ಹೆಗಲೇರಿದ ಬೇತಾಳ ರಕ್ತ ಹೀರುವವನಲ್ಲ, ಪ್ರಶ್ನೆ ಕೇಳುವವನು. ಬೆಳ್ಳುಳ್ಳಿಗೆ ಹೆದರುವ, ಶಿಲುಬೆಗೆ ಬೆಚ್ಚುವ, ಎದೆಗೆ ಮರದ ಗೂಟ ಹೊಡೆದರೆ ಸಾಯುವ ಪಿಶಾಚಿಯನ್ನು ಜಗತ್ಪ್ರಸಿದ್ಧಗೊಳಿಸಿದ್ದು ಬ್ರಾಮ್ ಸ್ಟೋಕರನ 'ಡ್ರಾಕುಲಾ', 1897ರಲ್ಲಿ. ಅಮೆರಿಕದ ಮ್ಯಾಥೆಸನ್ (1926-2013) 1954ರಲ್ಲಿ ತನ್ನ ಕಾದಂಬರಿಯನ್ನು ಪ್ರಕಟಿಸಿದಾಗ ಈ ಪಿಶಾಚಿಯನ್ನು ಹಳೆಯ ಕೋಟೆಯಿಂದ ಎಬ್ಬಿಸಿ ಲಾಸ್ ಏಂಜಲೀಸ್ ನಗರದ ಒಂದು ಸಾಧಾರಣ ಬೀದಿಗೆ ತಂದ. ಮುಂದೆ ಬರಬಹುದಾದ ಕೆಟ್ಟ ಕಾಲವನ್ನು ಚಿತ್ರಿಸುವ 'ಡಿಸ್ಟೋಪಿಯಾ' ಎಂಬ ಪ್ರಕಾರಕ್ಕೂ ಈ ಕೃತಿ ಸೇರುತ್ತದೆ. ಅವನ ಪಾಲಿಗೆ ಆ ಮುಂಗಾಲ 1976ರಿಂದ 1979ರವರೆಗಿನದು.

ಕಥಾನಾಯಕ ರಾಬರ್ಟ್ ನೆವಿಲ್. ಲೋಕವನ್ನೆಲ್ಲ ಆವರಿಸಿದ ಒಂದು ಸಾಂಕ್ರಾಮಿಕ ರೋಗದಿಂದ ಜನರೆಲ್ಲ ರಕ್ತಪಿಶಾಚಿಗಳಾಗಿದ್ದಾರೆ. ಮಡದಿಯನ್ನೂ ಮಗಳನ್ನೂ ಕಳೆದುಕೊಂಡ ನೆವಿಲ್ ಒಬ್ಬನೇ, ತನಗೆ ತಿಳಿದಮಟ್ಟಿಗೆ, ರೋಗ ತಗುಲದೆ ಉಳಿದವನು. ರಾತ್ರಿಯಾಯಿತೆಂದರೆ ಕಿಟಕಿಗಳಿಗೆ ಹಲಗೆ ಹೊಡೆದ ಮನೆಯೊಳಗೆ ಅವನು ಸೆರೆಯಾಳು. ಹೊರಗೆ ನಿಂತು ಅವನನ್ನು ಹೆಸರು ಹಿಡಿದು ಕರೆಯುವವನು ಬೆನ್ ಕಾರ್ಟ್‌ಮನ್, ಹಿಂದೆ ಅವನ ನೆರೆಯವನೂ ಗೆಳೆಯನೂ ಆಗಿದ್ದವನು. ಹಗಲಾಯಿತೆಂದರೆ ನೆವಿಲ್ ಬೇಟೆಗಾರ. ಲೇಥಿನಲ್ಲಿ ಕಡೆದ ಗೂಟಗಳನ್ನು ಹೊತ್ತು, ನಿದ್ರಿಸುತ್ತಿರುವ ಪಿಶಾಚಿಗಳನ್ನು ಮನೆಮನೆಯಲ್ಲೂ ಹುಡುಕಿ ಕೊಲ್ಲುತ್ತಾನೆ.

ನನಗೆ ಅತ್ಯಂತ ಹಿಡಿಸಿದ ಭಾಗ ಇನ್ನು ಮುಂದಿನದು. ನೆವಿಲ್ ವೈದ್ಯನಲ್ಲ, ವಿಜ್ಞಾನಿಯಲ್ಲ, ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು. ಹೇಳಿಕೊಡಲು ಒಬ್ಬ ಗುರುವೂ ಉಳಿದಿಲ್ಲ. ಆದರೂ ಈ ರೋಗದ ಕಾರಣವೇನೆಂದು ತಿಳಿಯಬೇಕೆಂಬ ಹಟದಿಂದ ಪಾಳುಬಿದ್ದ ಗ್ರಂಥಾಲಯಕ್ಕೆ ಹೋಗಿ ರಕ್ತವನ್ನೂ ಶರೀರವನ್ನೂ ಕುರಿತ ಪುಸ್ತಕಗಳನ್ನು ಹೊತ್ತು ತರುತ್ತಾನೆ. ಮೊದಲು ತಂದ ಸೂಕ್ಷ್ಮದರ್ಶಕ ಕೆಲಸಕ್ಕೆ ಬಾರದ್ದು. ಒಳ್ಳೆಯದೊಂದನ್ನು ಹುಡುಕಿ ಮತ್ತೆ ಮೊದಲಿಂದ ಕಲಿಯುತ್ತಾನೆ. ಕಡೆಗೆ ಗಾಜಿನ ಮೇಲಿನ ರಕ್ತದ ಹನಿಯಲ್ಲಿ ರೋಗಾಣುವನ್ನು ಕಾಣುತ್ತಾನೆ. ಗೂಟ ಪರಿಣಾಮಕಾರಿಯಾಗುವುದು ಗಾಯ ಮುಚ್ಚದಂತೆ ಮಾಡಿ ಗಾಳಿಯನ್ನು ಒಳಗೆ ಬಿಡುವುದರಿಂದ ಎಂದು ತರ್ಕಿಸುತ್ತಾನೆ. ಶಿಲುಬೆಗೆ ಹೆದರುವುದು ಅದನ್ನು ಮೊದಲು ನಂಬಿದ್ದವರು ಮಾತ್ರ. ಯೆಹೂದಿಯಾದ ಕಾರ್ಟ್‌ಮನ್ನನಿಗೆ ಶಿಲುಬೆಯ ಭಯವಿಲ್ಲ, ತನ್ನ ಧರ್ಮಗ್ರಂಥದ ಭಯ. ಹೀಗೆ ಮೂಢನಂಬಿಕೆಯ ಒಂದೊಂದೇ ಗಂಟನ್ನು ಓದಿನಿಂದ ಬಿಚ್ಚುವ ಈ ಮನುಷ್ಯನನ್ನು ಕಂಡು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ನನಗೆ ಅವನು ನಮ್ಮವನೇ ಎನಿಸಿತು.

ಆದರೆ ಮ್ಯಾಥೆಸನ್ ಇಲ್ಲಿಗೇ ನಿಲ್ಲಿಸಲಿಲ್ಲ. ಆ ನಿದ್ರಿಸುವವರಲ್ಲಿ ಸತ್ತು ಎದ್ದವರೂ ಇದ್ದರು, ರೋಗ ತಗುಲಿಯೂ ಇನ್ನೂ ಬದುಕಿದ್ದವರೂ ಇದ್ದರು. ಇದು ನೆವಿಲ್ಲನಿಗೆ ತಿಳಿದಿತ್ತು. ಆದರೂ ಇಬ್ಬರನ್ನೂ ಬಿಡದೆ ಕೊಂದ. ಕೊನೆಯಲ್ಲಿ ರೂತ್ ಎಂಬ ಹೆಂಗಸಿನ ಮೂಲಕ ನಿಜ ಹೊರಬೀಳುತ್ತದೆ. ಬದುಕಿದ್ದ ರೋಗಿಗಳು ರೋಗವನ್ನು ಹತೋಟಿಯಲ್ಲಿಡುವ ಗುಳಿಗೆಯನ್ನು ಕಂಡುಹಿಡಿದು ಹೊಸದೊಂದು ಸಮಾಜವನ್ನು ಕಟ್ಟುತ್ತಿದ್ದರು. ನೆವಿಲ್ ಕೊಂದವರಲ್ಲಿ ರೂತಳ ಗಂಡನೂ ಒಬ್ಬ. ಸೆರೆಸಿಕ್ಕ ನೆವಿಲ್ ತನ್ನನ್ನು ನೋಡಲು ನೆರೆದವರ ಮುಖದಲ್ಲಿ ಭಯವನ್ನು ಕಾಣುತ್ತಾನೆ. ಹಗಲಿನಲ್ಲಿ ಬಂದು ಮಲಗಿದವರನ್ನು ಕೊಲ್ಲುವ ಭೂತ, ಅವರ ಪಾಲಿಗೆ, ಅವನೇ. ಹೆಚ್ಚು ಜನ ಹೇಗಿರುವರೋ ಅದೇ ಸಹಜವೆನಿಸುತ್ತದೆ. ಉಳಿದ ಒಬ್ಬನು ದಂತಕಥೆಯಾಗುತ್ತಾನೆ. ಪುಸ್ತಕದ ಹೆಸರಿನ ಅರ್ಥ ಇದು. ನೆವಿಲ್ ರೋಗವನ್ನು ಓದಿದ, ರೋಗಿಯನ್ನು ಓದಲಿಲ್ಲ.

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಿದರೆ ವಾಚಕರು ಮನ್ನಿಸಬೇಕು. ಕಳೆದ ಬೇಸಿಗೆಯಲ್ಲಿ ನನ್ನ ತಮ್ಮನಿಗೆ ಸೀತಾಳೆ ಸಿಡುಬು, ಊರಿನವರ ಮಾತಿನಲ್ಲಿ 'ಅಮ್ಮ', ಆಗಿತ್ತು. ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಇದು ವೈರಸ್ಸಿನಿಂದ ಬರುವ ಅಂಟುರೋಗ, ಸೊಪ್ಪು ಕಟ್ಟಿದರೆ ದೇವಿ ಹೋಗುವುದಿಲ್ಲ ಎಂದು ನಾನು ನಾಲ್ಕು ಜನರ ಮುಂದೆ ಭಾಷಣ ಮಾಡಿದೆ. ಅಜ್ಜಿ ಸಿಟ್ಟಾಗಲಿಲ್ಲ. "ಅಂಟೋದು ನಂಗೂ ಗೊತ್ತು ಕಣ್ ಮಗ. ಸೊಪ್ಪು ಕಂಡ್ರೆ ಕೂಸಿರೋರು ಒಳೀಕ್ ಬರಾಕಿಲ್ಲ, ಅದಕ್ಕೇ ಕಟ್ಟಿವ್ನಿ" ಎಂದಳು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಏಕೆ ಕಟ್ಟಿದೆಯೆಂದು ಮೊದಲೇ ಅವಳನ್ನು ಕೇಳಬಹುದಾಗಿತ್ತು. ನೆವಿಲ್ಲನ ಕೊನೆಯನ್ನು ಓದುವಾಗ ಆ ದಿನ ನೆನಪಿಗೆ ಬಂದು ನಾಚಿಕೆಯಾಯಿತು.

ಈ ಒಂದು ಮೂಲದಿಂದ ಅನೇಕ ಕವಲುಗಳು ಹೊರಟಿವೆ. 1964, 1971 ಮತ್ತು 2007ರಲ್ಲಿ ಇದು ಚಲನಚಿತ್ರವಾಯಿತು. ನಡೆದಾಡುವ ಹೆಣಗಳ ಚಿತ್ರಗಳಿಗೆ 1968ರಲ್ಲಿ ದಾರಿ ಹಾಕಿಕೊಟ್ಟ ಜಾರ್ಜ್ ರೊಮೆರೊ ಕೂಡ ಈ ಕಾದಂಬರಿಯ ಋಣವನ್ನು ಒಪ್ಪಿಕೊಂಡಿದ್ದಾನೆ. ವಿಲ್ ಸ್ಮಿತ್ ನಟಿಸಿದ 2007ರ ಚಿತ್ರದಲ್ಲಿ ನೆವಿಲ್ ಆದಿಯಿಂದಲೇ ವಿಜ್ಞಾನಿ. ಚಿತ್ರಮಂದಿರಗಳಲ್ಲಿ ತೋರಿಸಿದ ಕೊನೆಯಲ್ಲಿ ಔಷಧವನ್ನು ಉಳಿಸಲು ಪ್ರಾಣ ಕೊಟ್ಟು ವೀರನೆಂಬ ಅರ್ಥದಲ್ಲಿ ದಂತಕಥೆಯಾಗುತ್ತಾನೆ. ಚಿತ್ರ ಚೆನ್ನಾಗಿಲ್ಲವೆಂದಲ್ಲ. ಆದರೆ ಓದಿ ಕಲಿತ ಕೆಲಸಗಾರನೂ ಹೋದ, ತನ್ನ ತಪ್ಪನ್ನು ಕಂಡುಕೊಂಡ ಮನುಷ್ಯನೂ ಹೋದ. ಮೂಲವನ್ನು ಓದಬೇಕಾದುದು ಅದಕ್ಕೇ.

ಪುಸ್ತಕ ದೊಡ್ಡದಲ್ಲ, ಇಂಗ್ಲಿಷೂ ಕಠಿಣವಲ್ಲ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡರೆ ನಮ್ಮಂಥವರು ನಾಲ್ಕೈದು ಸಂಜೆಗಳಲ್ಲಿ ಮುಗಿಸಬಹುದು. ನಾವು ಪದವಿ ಪಡೆದು ನಮ್ಮ ನಮ್ಮ ಊರುಗಳಿಗೆ ಮರಳುವ ಕಾಲ ಹತ್ತಿರವಾಗಿದೆ. ಹೊರಡುವ ಮೊದಲು ಇದನ್ನೊಮ್ಮೆ ಓದಿರೆಂದು ಸಹಪಾಠಿಗಳಲ್ಲಿ ನನ್ನ ವಿನಂತಿ.