ಎಚ್ಚರವಿದ್ದಾಗ ಬೋರಲು, ನಿದ್ದೆಗೆ ಅಂಗಾತ

ಮೂರು ತಿಂಗಳಾದರೂ ಮಗುವಿನ ಕತ್ತು ನಿಂತಿಲ್ಲವೆಂದು ಕೆಲವು ತಾಯಂದಿರು ಗಾಬರಿಪಡುತ್ತಾರೆ. ವಿಚಾರಿಸಿದರೆ, ಕೂಸು ದಿನವಿಡೀ ತೊಟ್ಟಿಲಲ್ಲಿ ಅಂಗಾತವೇ ಮಲಗಿರುತ್ತದೆ! ಬೋರಲು ಮಲಗಿ ತಲೆ ಎತ್ತಲು ಹೆಣಗಿದಾಗ ಕತ್ತು, ಭುಜ, ಬೆನ್ನಿನ ಸ್ನಾಯುಗಳು ಬಲಗೊಳ್ಳುತ್ತವೆ. ಅಜ್ಜಿ ನೀರು ಹಾಕುವಾಗ ಕಾಲ ಮೇಲೆ ಕವುಚಿಕೊಳ್ಳುತ್ತಾರಲ್ಲ, ಅಷ್ಟು ಹೊತ್ತು ಸಾಲದು. ಮೊದಲ ವಾರಗಳಿಂದಲೇ ದಿನಕ್ಕೆರಡು ಮೂರು ಬಾರಿ, 3ರಿಂದ 5 ನಿಮಿಷ, ನೆಲದ ಮೇಲೆ ಚಾಪೆ ಹಾಸಿ ಮಲಗಿಸಿ. ಎದುರಿಗೆ ನೀವೂ ಮಲಗಿ ಮಾತನಾಡಿಸಿ. ಹಾಲು ಕುಡಿದ ಕೂಡಲೇ ಬೇಡ. ಅತ್ತರೆ ಎತ್ತಿಕೊಳ್ಳಿ. ಕ್ರಮೇಣ ದಿನಕ್ಕೆ ಒಟ್ಟು 30 ನಿಮಿಷವಾದರೂ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ನಿದ್ದೆ ಹತ್ತಿದೊಡನೆ ಮಾತ್ರ ಅಂಗಾತ ಮಲಗಿಸಿ. ಬೋರಲು ನಿದ್ರಿಸುವ ಎಳೆಗೂಸುಗಳಿಗೆ ಹಠಾತ್ ಸಾವಿನ ಅಪಾಯ ಹೆಚ್ಚು. ನಾಲ್ಕು ತಿಂಗಳು ತುಂಬಿದರೂ ತಲೆ ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.